ಅತ್ತೆ ಒಪ್ಪದ ಭೂತಕಾಲ

ಘಾಟ್ಕೋಪರ್‌ನ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವವಳು ನಾನು. ತಾಳ್ಮೆ ಮಾತ್ರ ನನಗೆ ಅಷ್ಟಕ್ಕಷ್ಟೇ. ಅಂಥ ನನಗೆ ಹೋದ ಚಳಿಗಾಲದಲ್ಲಿ ಒಬ್ಬ ಹೊಸ ವಿದ್ಯಾರ್ಥಿನಿ ಗಂಟುಬಿದ್ದರು, ನನ್ನ ಅತ್ತೆ. ಮಗಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ ಮಾಡುವವರಿದ್ದರು. ಅತ್ತೆ ವೇದಿಕೆ ಹತ್ತಿ ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕಿತ್ತು.

ವರ್ತಮಾನಕಾಲ, ಭವಿಷ್ಯತ್ಕಾಲ ಎರಡನ್ನೂ ಅವರು ಕಾಯಿ ತುರಿಯುತ್ತಲೇ ಕಲಿತುಬಿಟ್ಟರು. ಭೂತಕಾಲದಲ್ಲೂ ಐ ವೆಂಟ್, ಐ ಕೇಮ್ ಎಲ್ಲ ಸಲೀಸು. ಆದರೆ "ಮೈ ಹಸ್ಬೆಂಡ್ ವರ್ಕ್ಡ್ ಇನ್ ಎ ಹೋಟೆಲ್" ಎಂದು ಹೇಳಿಕೊಟ್ಟರೆ ಬಾಯಿಗೆ ಬೀಗ. ಮಾವ ಕೆಲಸ ಬಿಟ್ಟಿದ್ದಾರಲ್ಲ, ಹಾಗೇ ಹೇಳಬೇಕು ಎಂದು ನಾನು ರೇಗಿದೆ.

"ಇರುವವರನ್ನು ಹಾಗೆ ಹೇಳುವುದುಂಟಾ ಮಾರಾಯ್ತಿ? ಗೋಡೆಗೆ ಫೋಟೋ ಹಾಕಿದವರನ್ನು ಹೇಳಿದ ಹಾಗೆ ಆಗ್ತದೆ" ಎಂದರು ಅತ್ತೆ.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಚಿಕ್ಕಂದಿನಲ್ಲೇ ಉಡುಪಿಯಿಂದ ಬಂದು, ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ಜೀವಮಾನವಿಡೀ ದೋಸೆ ಹುಯ್ದ ಮಾವ ಮಂಡಿನೋವಿನಿಂದ ಮನೆ ಸೇರಿದ್ದರು. ಬಾಲ್ಕನಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊಟಕ್ಕೆ ಕರೆದರೆ ಹಸಿವಿಲ್ಲ, ಮಾತಾಡಿಸಿದರೆ ಒಂದು ಹೂಂ. ಹೀಗೇ ದಿನೇ ದಿನೇ ಕರಗಿಹೋಗುತ್ತಾರೇನೋ ಎಂದು ನನಗೂ ಹೆದರಿಕೆಯಿತ್ತು.

ಶಾಲೆಗೂ ಅವರು ಬರಲಿಲ್ಲ. ಅತ್ತೆ ಗರಿಗರಿ ಸೀರೆಯುಟ್ಟು, ಮೈಕ್ ಹಿಡಿದು, "ಮೈ ಹಸ್ಬೆಂಡ್ ಮೇಕ್ಸ್ ದೋಸಾ. ವೆರಿ ಕ್ರಿಸ್ಪಿ" ಎಂದು ರಾಜಾರೋಷವಾಗಿ ಹೇಳಿದರು. ನಾನು ತಲೆ ತಗ್ಗಿಸಿದೆ. ಮಕ್ಕಳು ಬಿಡುತ್ತವೆಯೇ? ಕಾರ್ಯಕ್ರಮ ಮುಗಿದದ್ದೇ ಸುತ್ತುವರಿದು, ನಮಗೂ ಬೇಕು ಎಂದವು. ಅತ್ತೆ ಹಿಂದೆಮುಂದೆ ನೋಡದೆ ಕೇಳಿದವರನ್ನೆಲ್ಲ ಭಾನುವಾರ ಮನೆಗೆ ಕರೆದುಬಿಟ್ಟರು.

ಸುದ್ದಿ ಕೇಳಿ ಮಾವ ಉರಿದುಬಿದ್ದರು. ತನ್ನಿಂದಾಗದು ಎಂದು ಕುರ್ಚಿಗೆ ಅಂಟಿಕೊಂಡರು. ಆದರೆ ಶನಿವಾರ ನಾನು ಹಿಟ್ಟು ರುಬ್ಬುವ ಚಂದ ನೋಡಲಾರದೆ ಎದ್ದು ಬಂದು, ನನ್ನನ್ನು ಅಡುಗೆಮನೆಯಿಂದಲೇ ಹೊರಗೆ ಹಾಕಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಭಾನುವಾರ ಮಾವ ಎತ್ತರದ ಸ್ಟೂಲಿನ ಮೇಲೆ ಕೂತು ಕಾದ ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಎಂದದ್ದೇ ತಡ, ಮಕ್ಕಳೆಲ್ಲ ಅಡುಗೆಮನೆಯ ಬಾಗಿಲಲ್ಲಿ. ಒಬ್ಬಳಿಗೆ ಟೋಪಿ ದೋಸೆ, ಒಬ್ಬನಿಗೆ ಮೀನಿನಾಕಾರದ್ದು. ಹೋಟೆಲಿನ ಹಿಂದಿಯಲ್ಲಿ ಎಲ್ಲರನ್ನೂ ಗದರಿಸಿ ಸಾಲು ನಿಲ್ಲಿಸಿದರು. ಕೊನೆಗೆ ತಮಗೂ ಒಂದು ಹುಯ್ದುಕೊಂಡು, ಚಟ್ನಿ ಕೇಳಿ ಹಾಕಿಸಿಕೊಂಡು ತಿಂದರು. ಅತ್ತೆ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು.

ಮಕ್ಕಳು ಚಪ್ಪಲಿ ಮೆಟ್ಟಿ ಹೊರಟ ಮೇಲೆ ಮಾವ ನನ್ನನ್ನು ಕರೆದರು.

"ಬರುವ ಆದಿತ್ಯವಾರಕ್ಕೂ ಬರಲಿಕ್ಕೆ ಹೇಳಿದ್ದೇನೆ. ಇದ್ದ ಉದ್ದು ಸಾಲುವುದಿಲ್ಲ, ತರಿಸಿಡು ಮಗಳೆ."