ಅಳತೆ ಬ್ಲೌಸು

ನಮ್ಮ ಟೈಲರಕ್ಕನ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆಯುತ್ತದೆ. ಹೊಲಿಗೆ ಕಲಿಯುವಾಗ ಮೆಷಿನ್ನಿನ ಸೂಜಿ ಆ ಬೆರಳನ್ನು ತೂರಿ ಹೋಗಿತ್ತಂತೆ. ಯಾವ ಬ್ಲೌಸು ಕೈಗೆ ಬಂದರೂ ಮೊದಲು ಅದನ್ನು ಒಳಮಗ್ಗುಲು ತಿರುವಿ, ಆ ಸೀಳುಗುರಿನಿಂದ ಪಕ್ಕದ ಹೊಲಿಗೆಯನ್ನು ಸವರಿ ನೋಡುವುದು ಅವರ ಅಭ್ಯಾಸ. ಎಲ್ಲಿ ಹಳೆಯ ಹೊಲಿಗೆ ಬಿಚ್ಚಿದ್ದಾರೆ, ಎಲ್ಲಿ ಹೊಸದು ಹಾಕಿದ್ದಾರೆ ಎಂಬುದು ಕಣ್ಣಿಗಿಂತ ಮೊದಲು ಉಗುರಿಗೆ ತಿಳಿಯುತ್ತದೆ.

ಅವರ ತವರು ಸೊರಬದ ಕಡೆಯ ಉಳವಿ. ಮದುವೆಯಾಗಿ ಬಂದದ್ದು ಶಿಕಾರಿಪುರಕ್ಕೆ. ಗೊಬ್ಬರದ ಅಂಗಡಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಅವರ ಮಳಿಗೆ ಪೂರ್ತಿ ರಸ್ತೆಗೆ ತೆರೆದದ್ದು. ಹೋಗಿ ಬರುವ ಗಂಡಸರ ಎದುರಿಗೆ ಕೈಯೆತ್ತಿ ನಿಂತು ಎದೆಯ ಅಳತೆ ಕೊಡಲು ನಮ್ಮ ಕಡೆಯ ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಹಾಗಾಗಿ ಎಲ್ಲರೂ ತರುವುದು ಅಳತೆ ಬ್ಲೌಸು. ಮೈಗೆ ಸರಿಯಾಗಿ ಕೂರುವ ಹಳೆಯದೊಂದನ್ನು ಹೊಸ ಬಟ್ಟೆಯ ಜೊತೆ ಚೀಲಕ್ಕೆ ಹಾಕಿ, "ಇದೇ ಅಳ್ತಿ ಅಕ್ಕಾ" ಎಂದು ಕೊಟ್ಟು ಹೋಗುತ್ತಾರೆ. ಸಂತೆಗೆ ಬರುವವರ ಕೈಲಿ ಕಳಿಸುವವರೂ ಇದ್ದಾರೆ. ಅರ್ಧದಷ್ಟು ಗಿರಾಕಿಗಳ ಮುಖವನ್ನೇ ಟೈಲರಕ್ಕ ನೋಡಿಲ್ಲ. "ಉಡುತಡಿ ಹಸಿರು ಬ್ಲೌಸು", "ತಾಳಗುಂದದ ತೋಳುದ್ದ" ಎಂದೇ ಅವರನ್ನು ಗುರುತಿಟ್ಟುಕೊಂಡಿದ್ದಾರೆ. ಯಾರಾದರೂ ತಕರಾರು ತೆಗೆದರೆ ಅವರದು ಒಂದೇ ಉತ್ತರ: "ಕತ್ತರಿ ನಂದು, ಅಳ್ತಿ ನಿಂದು."

ನಾನು ನರ್ಸು. ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಲಿವರಿನ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರನ್ನು ಶುರುವಿನಲ್ಲೇ ಹಿಡಿಯುವುದು ಹೇಗೆ ಎಂದು ದೊಡ್ಡ ಊರಿನ ವೈದ್ಯರ ತಂಡವೊಂದು ನಮ್ಮ ಎರಡು ತಾಲ್ಲೂಕುಗಳಲ್ಲಿ ಸಂಶೋಧನೆ ನಡೆಸುತ್ತಿದೆ. ಅದರಲ್ಲಿ ನನಗೆ ಕೆಲಸ. ಈ ಎರಡು ರೋಗಗಳು ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತವೆ. ಕಣ್ಣು ಹಳದಿಯಾಗಿ, ಬೆನ್ನಿಗೆ ನೋವು ಬಂದು ಆಸ್ಪತ್ರೆಗೆ ಓಡುವಷ್ಟರಲ್ಲಿ ಆಪರೇಷನ್ನಿನ ಕಾಲ ಸಾಮಾನ್ಯವಾಗಿ ಮುಗಿದಿರುತ್ತದೆ. ಅದಕ್ಕೂ ಮೊದಲು ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ, ಮೈಯಲ್ಲಿ ಯಾವ ಬದಲಾವಣೆ ಕಾಣುತ್ತದೆ ಎಂಬುದೇ ತಂಡದ ಹುಡುಕಾಟ. ನಾನು ಊರೂರಿಗೆ ಹೋಗಿ ಐವತ್ತು ದಾಟಿದವರ ರಕ್ತ ತೆಗೆದು, ತೂಕ ನೋಡಿ, ಫಾರಂ ತುಂಬುತ್ತೇನೆ. ಇಳಿವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂದು, ಜೊತೆಗೆ ಮೈಯೂ ಇಳಿಯುತ್ತಿದ್ದರೆ ತಕ್ಷಣ ತಿಳಿಸಬೇಕು ಎಂದು ಡಾಕ್ಟರು ನಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಕಳೆದ ಒಂದು ವರ್ಷದಲ್ಲಿ ನಿಮ್ಮ ತೂಕ ಎಷ್ಟು ಕೆ.ಜಿ. ಇಳಿದಿದೆ? ತಾಳಗುಂದದಲ್ಲಿ ಅದನ್ನು ಕೇಳಿದ್ದಕ್ಕೆ ಒಬ್ಬ ಅಜ್ಜ ಬಿದ್ದು ಬಿದ್ದು ನಕ್ಕಿದ್ದ. "ವರ್ಸಾ ವರ್ಸಾ ತೂಕ ಮಾಡ್ಸಾಕೆ ನಾನೇನ್ ಮೆಕ್ಕೆಜೋಳದ ಚೀಲ ಏನವ್ವಾ?" ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಆ ಪ್ರಶ್ನೆಯ ಮುಂದಿನ ಜಾಗವನ್ನು ನಾನು ಎಲ್ಲರ ಫಾರಮ್ಮಿನಲ್ಲೂ ಖಾಲಿ ಬಿಡುತ್ತಾ ಬಂದೆ.

ಆ ವರ್ಷ ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ನಾನೇ ಅನ್ನ ಬಿಡಿಸಿ ರೊಟ್ಟಿಗೆ ಹಚ್ಚಿದೆ. ಅವ್ವ ದಿನೇ ದಿನೇ ತೆಳ್ಳಗಾದಳು. ನನಗೋ ಹೆಮ್ಮೆ! "ಮಾತು ಕೇಳಿದ್ದಕ್ಕೆ ನೋಡು, ಹೆಂಗ್ ಹಗುರಾಗಿದೀಯ" ಎಂದು ಬಂದವರ ಎದುರಿಗೆಲ್ಲ ಅವಳ ಪಥ್ಯವನ್ನು ಹೊಗಳುತ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು. ಅವ್ವನ ಅಳತೆ ಬ್ಲೌಸು, ಹೊಸ ಬಟ್ಟೆ ಎರಡನ್ನೂ ಟೈಲರಕ್ಕನಿಗೆ ಕೊಟ್ಟು ಬಂದೆ.

ಮದುವೆಯ ಹಿಂದಿನ ದಿನ ಅವ್ವ ಹೊಸ ಬ್ಲೌಸು ತೊಟ್ಟು ನೋಡಿದರೆ ಅದು ದೊಗಳೆ. ಭುಜದಿಂದ ಜಾರುತ್ತಿತ್ತು, ಪಕ್ಕದಲ್ಲಿ ನನ್ನ ಮುಷ್ಟಿಯೇ ತೂರುತ್ತಿತ್ತು. "ಇರ್ಲಿ ಬಿಡೇ, ಪಿನ್ನು ಹಾಕ್ಕಂತೀನಿ" ಎಂದಳು ಅವ್ವ. ನಾನು ಬಿಡುವವಳೇ? ಅಳತೆ ಬ್ಲೌಸನ್ನೂ ಚೀಲಕ್ಕೆ ತುರುಕಿಕೊಂಡು, ಸ್ಕೂಟಿ ಹತ್ತಿ ನೇರ ಅಂಗಡಿಗೆ ಹೋದೆ. ಅಲ್ಲಿ ನಾಲ್ಕೈದು ಜನ ಗಿರಾಕಿಗಳು ಕೂತಿದ್ದರು. ಅವರೆಲ್ಲರ ಎದುರಿಗೆ ಬ್ಲೌಸನ್ನು ಮೆಷಿನ್ನಿನ ಮೇಲೆ ಎಸೆದೆ.

"ಏನಕ್ಕಾ ಇದು? ಇಷ್ಟು ವರ್ಷದಿಂದ ಹೊಲೀತೀರಿ, ಒಂದು ಅಳತೆ ಹಿಡಿಯಾಕೆ ಬರಲ್ವಾ?"

ಟೈಲರಕ್ಕ ಸಿಟ್ಟಾಗಲಿಲ್ಲ. ಬ್ಲೌಸನ್ನು ತಿರುವಿ ಉಗುರಿನಿಂದ ಸವರಿದರು. ನನ್ನ ಚೀಲದಿಂದ ಅಳತೆ ಬ್ಲೌಸನ್ನು ತೆಗೆದು, ಅದರ ಮೇಲೆ ಹೊಸದನ್ನು ಹರಡಿ, ತೋಳಿಗೆ ತೋಳು, ಅಂಚಿಗೆ ಅಂಚು ಕೂಡಿಸಿ ತೋರಿಸಿದರು. ಒಂದು ನೂಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಆಮೇಲೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು.

"ಬ್ಲೌಸು ಸರಿ ಐತೆ ತಂಗಿ. ನಿಮ್ಮವ್ವನ್ನ ಒಂದ್ಸಲ ಕರ್ಕಂಬಾ, ನಾ ನೋಡ್ಬೇಕು. ನಮ್ಮಕ್ಕಂದೂ ಹಿಂಗೇ…"

"ನಿಮ್ಮಕ್ಕನ ಪುರಾಣ ನನಗ್ಯಾಕ್ರೀ? ತಪ್ಪಾತು ಅನ್ನಾಕೆ ಬಾಯಿ ಬರಲ್ಲ, ಕಥೆ ಹೇಳ್ತಾರೆ!"

ಬ್ಲೌಸನ್ನು ಕಿತ್ತುಕೊಂಡು, ಅವರ ಕಣ್ಣೆದುರಿಗೇ ಎದುರು ಸಾಲಿನ ಇನ್ನೊಬ್ಬ ಟೈಲರಿನ ಹತ್ತಿರ ಹೋಗಿ ಎರಡೂ ಪಕ್ಕ ಟೈಟು ಮಾಡಿಸಿದೆ. ಮದುವೆಯಲ್ಲಿ ಅವ್ವನನ್ನು ನೋಡಿದವರೆಲ್ಲ "ಹತ್ತು ವರ್ಸ ಸಣ್ಣೋಳಾಗಿ ಕಾಣ್ತೀಯಲ್ಲೇ" ಎಂದರು. ಅವ್ವ ನಾಚಿಕೊಂಡಳು. ನಾನು ಅವಳ ಫೋಟೋ ತೆಗೆದೆ. ಥೂ, ನನ್ನ ಬುದ್ಧಿಗಿಷ್ಟು!

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವ್ವ ಹಿತ್ತಲಲ್ಲಿ ಮುಖ ತೊಳೆದು ನನ್ನ ಕಡೆ ತಿರುಗಿದಳು. ಬಿಸಿಲಿನಲ್ಲಿ ಅವಳ ಕಣ್ಣು ಅರಿಶಿನದ ನೀರಿನ ಹಾಗೆ ಕಂಡಿತು. ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗಿನ ಚಿತ್ರ ನೋಡಿದವರು ನನಗೆ ಕೆಲಸ ಕಲಿಸಿದ ಆ ಡಾಕ್ಟರೇ. ಮೇದೋಜೀರಕದ ತಲೆಭಾಗದಲ್ಲಿ ಗಡ್ಡೆ, ಲಿವರಿಗೂ ಹಬ್ಬಿದೆ ಎಂದರು. ಇದೇ ಮಾತುಗಳನ್ನು ನಾನು ಊರೂರಲ್ಲಿ ಚಿತ್ರ ತೋರಿಸಿ ವಿವರಿಸಿದವಳು. ಅವತ್ತು ಒಂದೂ ತಲೆಗೆ ಹೋಗಲಿಲ್ಲ. ಡಾಕ್ಟರರ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

"ಸಕ್ಕರೆ ಕಾಯಿಲೆ ಯಾವಾಗಿಂದ?" ಎಂದು ಅವರು ಕೇಳಿದರು. ಹೋದ ವರ್ಷದಿಂದ ಎಂದೆ. "ತೂಕ ಎಷ್ಟು ಇಳಿದಿದೆ?"

ಅದು ನನ್ನದೇ ಫಾರಮ್ಮಿನ ಪ್ರಶ್ನೆ. ತೂಕದ ಯಂತ್ರ ನಮ್ಮ ಮನೆಯ ಮೂಲೆಯಲ್ಲೇ ಇರುತ್ತಿತ್ತು. ಅವ್ವನನ್ನು ಒಂದು ದಿನವೂ ಅದರ ಮೇಲೆ ನಿಲ್ಲಿಸಿರಲಿಲ್ಲ. ಉತ್ತರಕ್ಕೆ ತಡಕಾಡುವಾಗ ಮೆಷಿನ್ನಿನ ಮೇಲೆ ನಾನು ಎಸೆದ ಬ್ಲೌಸು ಕಣ್ಣ ಮುಂದೆ ಬಂತು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಆಪರೇಷನ್ ಆಗುತ್ತಿತ್ತಾ ಸಾರ್ ಎಂದು ಕೇಳಿದೆ. "ಹೇಳೋಕಾಗಲ್ಲಮ್ಮ. ಆಗಿದ್ದರೂ ಆಗಿರಬಹುದು" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಾರನೆಯ ದಿನ ಟೈಲರಕ್ಕನ ಅಂಗಡಿಗೆ ಹೋದೆ. ಕಾಲು ಹಿಡಿದು ಕ್ಷಮೆ ಕೇಳಬೇಕು ಅಂತಲೇ ಹೋದದ್ದು. ಆದರೆ ಬಾಯಿಗೆ ಮೊದಲು ಬಂದದ್ದು "ಅವ್ವನಿಗೆ…" ಎಂಬ ಅರ್ಧ ಮಾತು. ಅವರು ಕೇಳಿದ್ದು ಒಂದೇ ಮಾತು: "ಕಣ್ಣು ಹಳದಿ ಆಗ್ಯಾವಾ?" ನಾನು ತಲೆಯಾಡಿಸಿದೆ. ಅವರು ಕೈಲಿದ್ದ ಬಟ್ಟೆಯನ್ನು ಬದಿಗಿಟ್ಟು, ಸ್ಟೂಲನ್ನು ನನ್ನ ಕಡೆ ತಳ್ಳಿದರು. ಅವತ್ತು ನಾನು ಅರ್ಧಕ್ಕೆ ತುಂಡು ಮಾಡಿದ ಅಕ್ಕನ ಕಥೆಯನ್ನು ಆಮೇಲೆ ಹೇಳಿದರು.

ಅವರ ಅಕ್ಕನನ್ನು ಕೊಟ್ಟಿದ್ದು ಸೊರಬಕ್ಕೆ. ಒಂದೇ ವರ್ಷದಲ್ಲಿ ಮೂರು ಸಲ ಬ್ಲೌಸು ಟೈಟು ಮಾಡಿಸಿಕೊಳ್ಳಲು ತಂಗಿಯ ಹತ್ತಿರ ಬಂದಿದ್ದರಂತೆ. "ಮೂರ್ ಸಲನೂ ನಾನೇ ಹೊಲಿಗೆ ಹಾಕ್ದೆ. ಏನೇ ಅಕ್ಕಾ, ಮದ್ವಿ ಹುಡುಗಿ ಹಂಗಾದೆ ಅಂತ ನಾನೇ ನಗಾಡ್ದೆ. ಅವಳಿಗೂ ಖುಷಿ ಕಣೆ. ನಾಕನೇ ಸಲ ಬರ್ಲೇ ಇಲ್ಲ." ಕಣ್ಣು ಹಳದಿಯಾದ ಮೇಲೆ ಆ ಅಕ್ಕ ಬಹಳ ದಿನ ಉಳಿಯಲಿಲ್ಲವಂತೆ. ಅಂದಿನಿಂದ ಯಾವ ಬ್ಲೌಸು ಬಂದರೂ ಒಳಗಿನ ಹೊಲಿಗೆ ನೋಡುವ ಅಭ್ಯಾಸ ಅವರಿಗೆ ಅಂಟಿಕೊಂಡಿತು. ಕ್ಷಮೆ ಕೇಳಲು ಹೋದ ನಾನು ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿ ಎದ್ದು ಬಂದೆ.

ಮೂರನೇ ದಿನಕ್ಕೆ ಟೈಲರಕ್ಕ ಟೇಪು ಹಿಡಿದು ನಮ್ಮ ಮನೆಗೇ ಬಂದರು. ಬಾಗಿಲು ಹಾಕಿ ಅವ್ವನ ಮೈ ಅಳತೆ ತೆಗೆದರು. "ನನ್ ಜಂಪರಿಗೆ ಇಷ್ಟ್ ವರ್ಸ ಇಲ್ದಿದ್ ಅಳ್ತಿ ಈಗ್ಯಾಕೇ?" ಎಂದು ಅವ್ವ ನಕ್ಕಳು. "ಇಷ್ಟ್ ವರ್ಸ ಸೋಮಾರಿ ಆಗಿದ್ದೆ ಕಣಮ್ಮಾ" ಎಂದರು ಟೈಲರಕ್ಕ. ಮೆತ್ತನೆಯ ಬಟ್ಟೆಯಲ್ಲಿ, ಕೈಗೆ ಸಲೈನ್ ಸೂಜಿ ಇದ್ದರೂ ತೊಡಿಸಿ ತೆಗೆಯುವ ಹಾಗೆ ತೋಳಿನುದ್ದಕ್ಕೂ ಗುಂಡಿ ಇಟ್ಟು ನಾಲ್ಕು ಬ್ಲೌಸು ಹೊಲಿದುಕೊಟ್ಟರು. ಅವ್ವ ಕೊನೆಯುಸಿರು ಎಳೆದದ್ದು ಅದರಲ್ಲೊಂದನ್ನು ತೊಟ್ಟುಕೊಂಡೇ.

ಕೆಲಸಕ್ಕೆ ಮರಳಿದ ದಿನ ಡಾಕ್ಟರರಿಗೆ ಟೈಲರಕ್ಕನ ವಿಷಯ ಹೇಳಿದೆ. ಅವರು ನಗಲಿಲ್ಲ, ಪೆನ್ನು ತೆಗೆದು ಬರೆದುಕೊಂಡರು. ಈಗ ನಮ್ಮ ಫಾರಮ್ಮಿನಲ್ಲಿ ಕೆ.ಜಿ.ಯ ಪ್ರಶ್ನೆಯ ಕೆಳಗೆ ಹೆಂಗಸರಿಗೆಂದೇ ಇನ್ನೊಂದಿದೆ: ಕಳೆದ ಒಂದು ವರ್ಷದಲ್ಲಿ ನಿಮ್ಮ ಬ್ಲೌಸನ್ನು ಟೈಟು ಮಾಡಿಸಿದ್ದೀರಾ? ಎಷ್ಟು ಸಲ? ಅದಕ್ಕೆ ಉತ್ತರ ಹೇಳಲು ಯಾವ ಹೆಂಗಸೂ ತಡವರಿಸುವುದಿಲ್ಲ. ಕೆಲವರು ಯಾವ ಹಬ್ಬಕ್ಕೆ ಮಾಡಿಸಿದ್ದು ಎಂಬುದನ್ನೂ ಸೇರಿಸಿ ಹೇಳುತ್ತಾರೆ.

ಹೋದ ಸುಗ್ಗಿಯಲ್ಲಿ ಉಡುತಡಿಯ ಹೆಂಗಸೊಬ್ಬರು ಎರಡನೇ ಸಲ ಬ್ಲೌಸು ಟೈಟು ಮಾಡಿಸಲು ಅಂಗಡಿಗೆ ಬಂದಿದ್ದರು. ಟೈಲರಕ್ಕ ಹೊಲಿಗೆ ಹಾಕಿಕೊಡಲಿಲ್ಲ. ಅಂಗಡಿಯ ಬಾಗಿಲೆಳೆದು, ಆಕೆಯ ಕೈ ಹಿಡಿದುಕೊಂಡು ನಮ್ಮ ಕ್ಯಾಂಪಿಗೇ ಕರೆತಂದರು. "ನನಗೇನ್ ಆಗೇತಿ ಅಂತ ಹಿಂಗ್ ಎಳ್ಕಂಡ್ ಬಂದಾಳ್ರೀ ಇವ್ಳು?" ಎಂದು ಆಕೆ ದಾರಿಯುದ್ದಕ್ಕೂ ಬೈಯುತ್ತಾ ಬಂದಿದ್ದರು. ಸ್ಕ್ಯಾನ್ ಮಾಡಿಸಿದರೆ ಲಿವರಿನ ಒಂದು ಮೂಲೆಯಲ್ಲಿ ಗೋಲಿಯಷ್ಟು ದೊಡ್ಡ ಗಡ್ಡೆ. ಬೇರೆಲ್ಲೂ ಹಬ್ಬಿರಲಿಲ್ಲ. ಆಪರೇಷನ್ ಆಗಿ, ಆಕೆ ಈಗ ಗದ್ದೆಗೆ ಬುತ್ತಿ ಹೊರುವಷ್ಟು ಗಟ್ಟಿಯಾಗಿದ್ದಾರೆ.

ಆ ಸುದ್ದಿ ಹೇಳಲು ನಾನು ಅಂಗಡಿಗೆ ಓಡಿದೆ. "ಅಕ್ಕಾ, ನಿಮ್ಮಿಂದ ಒಂದು ಜೀವ ಉಳೀತು!" ಎಂದೆ. ಅವರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಟೈಲರಕ್ಕ ಮೆಷಿನ್ ನಿಲ್ಲಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು.

"ನಿನಗೊಂದ್ ಮಾತು ಹೇಳಿಲ್ಲ ತಂಗಿ. ಅವತ್ತು ನೀ ಬೈದು ಹೋದ್ಯಲ್ಲ, ಮದ್ವಿ ಮುಗಿದ್ ಮ್ಯಾಲೆ ನಿಮ್ಮನಿಗೆ ಹೊಂಟಿದ್ದೆ. ಚಪ್ಪಲಿನೂ ಮೆಟ್ಟಿದ್ದೆ. ಅಷ್ಟ್ ಜನದ ಮುಂದೆ ಅಂದಾಳೆ, ನಾನ್ಯಾಕ್ ಹೋಗ್ಲಿ ಅಂತ ಸಿಟ್ಟು ಬಂತು. ಚಪ್ಪಲಿ ಬಿಟ್ಟು ಒಳಗ್ ಬಂದೆ. ನಾಕ್ ತಿಂಗಳು ನೀ ಇದೇ ರಸ್ತೇಲಿ ಗಾಡಿ ಮ್ಯಾಲೆ ಹೋಗಾದು ನೋಡ್ತಿದ್ದೆ, ಕರೀಲಿಲ್ಲ. ನಮ್ಮಕ್ಕನ್ನ ಕಳ್ಕಂಡ್ ನನಗೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಕಿದ್ದೆ."

ಸ್ಕ್ಯಾನಿಂಗಿನ ದಿನ ಬಡಿದ ಸಿಡಿಲೇ ದೊಡ್ಡದು ಅಂದುಕೊಂಡಿದ್ದೆ, ಇದು ಅದಕ್ಕಿಂತ ಜೋರಾಗಿ ಬಡಿಯಿತು. ಇಷ್ಟು ದಿನ ಆ ನಾಲ್ಕು ತಿಂಗಳ ಪಾಪ ನನ್ನೊಬ್ಬಳದೇ ಎಂದು ನಾನು ಹೊತ್ತು ತಿರುಗುತ್ತಿದ್ದರೆ, ಇವರೂ ಈ ಮೆಷಿನ್ನಿನ ಮುಂದೆ ಕೂತು ಅದನ್ನೇ ಹೊತ್ತಿದ್ದರು. ಅವರನ್ನು ಹಾಗೆ ಸುಮ್ಮನಾಗಿಸಿದ್ದು ನನ್ನ ನಾಲಗೆ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಟೈಲರಕ್ಕ ನನ್ನ ಎರಡೂ ಕೈ ಹಿಡಿದುಕೊಂಡು, "ತಪ್ಪಾತು ತಂಗಿ, ಹೊಟ್ಟಿಗೆ ಹಾಕ್ಕ" ಎಂದರು. ನಾನು ಅವರಿಗೆ ಹೇಳಬೇಕಾಗಿದ್ದ ಮಾತು ಅದು.