ಪ್ರೆಸ್ಸಿನ ಅಕ್ಕನ ಬಾಣಂತಿ ಕೋಣೆ

ಅಕ್ಕನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಟ್ರೆಡಲ್ ಅಚ್ಚುಯಂತ್ರದ ಬಾಯಿಗೆ ಸಿಕ್ಕಿ ಜಜ್ಜಿಹೋದ ಬೆರಳು ಅದು. ತುದಿ ಹಿತುಕಿದ ಅವರೆಕಾಳಿನ ಹಾಗೆ ನುಣ್ಣಗೆ, ಬೆಳ್ಳಗೆ ಇತ್ತು. ಕಂಪ್ಯೂಟರಿನ ಕೀಲಿಗಳನ್ನು ಅವರು ಒತ್ತುತ್ತಿದ್ದುದು ಆ ಒಂದೇ ಬೆರಳಿನಿಂದ. ಆದರೂ ಹತ್ತು ಬೆರಳಲ್ಲಿ ಟೈಪ್ ಮಾಡುವ ನನಗಿಂತ ಅವರ ಪುಟ ಮೊದಲು ಮುಗಿಯುತ್ತಿತ್ತು, ತಪ್ಪೂ ಕಡಿಮೆ ಇರುತ್ತಿತ್ತು. ಆಗ ನನಗೆ ಇದರಿಂದ ಒಳಗೊಳಗೇ ಹೊಟ್ಟೆಕಿಚ್ಚು.

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವರದು ಮದುವೆ ಪತ್ರಿಕೆ, ಕರಪತ್ರ, ರಸೀದಿ ಪುಸ್ತಕ ಅಚ್ಚು ಹಾಕುವ ಅಂಗಡಿ. ಊರಿಗೆಲ್ಲ ಅವರು ಪ್ರೆಸ್ಸಿನ ಅಕ್ಕ. ನಾನು ಆಗಷ್ಟೇ ಕೋರ್ಸ್ ಮುಗಿಸಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಡಲು ಜಾಗ ಹುಡುಕುತ್ತ ಶ್ರೀರಾಂಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಹೆಣ್ಣುಮಗಳು ಸ್ಕ್ರೂಡ್ರೈವರ್ ಹಿಡಿದದ್ದನ್ನು ನೋಡಿ ಮೂರು ಕಡೆ ನಕ್ಕು ಕಳಿಸಿದ್ದರು. ಅಕ್ಕ ನಗಲಿಲ್ಲ. ತಮ್ಮ ಅಂಗಡಿಯ ಮುಂಭಾಗದಲ್ಲಿದ್ದ ಮೇಜಿನ ಮೇಲಿನ ಕಾಗದದ ಕಟ್ಟುಗಳನ್ನು ಕೆಳಗಿಳಿಸಿ, "ಇಲ್ಲೇ ಕುಂತ್ಕಳವ್ವ. ಗಿರಾಕಿ ಬಂದ್ರೆ ನಿನ್ನ ಕೆಲ್ಸ ಮಾಡು, ಬರ್ದಿದ್ರೆ ನನ್ ಜೊತೆ ಮಾತಾಡು," ಎಂದರು. ಮೊದಲ ತಿಂಗಳೆಲ್ಲ ಮಾತಾಡಿದ್ದೇ ಹೆಚ್ಚು.

ಅಕ್ಕನ ಕಂಪ್ಯೂಟರೇನೋ ಹೊಸದು. ಆದರೆ ಅವರು ಪತ್ರಿಕೆ ಜೋಡಿಸುತ್ತಿದ್ದ ತಂತ್ರಾಂಶ ಇಪ್ಪತ್ತು ವರ್ಷ ಹಳೆಯದು. ಅದು ಆ ಕಾಲದ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆಲ್ಲೂ ಏಳುತ್ತಿರಲಿಲ್ಲ. ಅದರಲ್ಲಿ ಮಾಡಿದ ಕಡತವನ್ನು ಹೊರಗೆ ತಂದು ತೆರೆದರೆ ಕನ್ನಡವೆಲ್ಲ ಸೊಟ್ಟ ಗೆರೆ, ಚುಕ್ಕೆಗಳಾಗಿಬಿಡುತ್ತಿತ್ತು. ಹಾಗಾಗಿ ಯಾರೋ ಪುಣ್ಯಾತ್ಮರು ಹೊಸ ಕಂಪ್ಯೂಟರಿನ ಒಳಗೇ, ಒಂದು ಕಿಟಕಿಯಲ್ಲಿ, ಆ ಹಳೆಯ ವ್ಯವಸ್ಥೆ ತನ್ನ ಪಾಡಿಗೆ ಓಡಿಕೊಂಡಿರುವಂತೆ ಮಾಡಿಕೊಟ್ಟಿದ್ದರು. ನಮ್ಮ ಕಸುಬಿನವರು ಅದನ್ನು ವರ್ಚುವಲ್ ಮಷಿನ್ ಎನ್ನುತ್ತೇವೆ. ಅಕ್ಕ ಬಾಣಂತಿ ಕೋಣೆ ಎನ್ನುತ್ತಿದ್ದರು.

"ಒಳಗೆ ಬೆಚ್ಚಗಿರ್ಬೇಕು. ಹೊರಗಿನ ಗಾಳಿ ಸೋಕಬಾರ್ದು. ಬಂದೋರೆಲ್ಲ ನುಗ್ಗಬಾರ್ದು."

ಗಾಳಿ ಎಂದರೆ ಇಂಟರ್‌ನೆಟ್. ಆ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಲು ಯಾರಿಗೂ ಬಿಡುತ್ತಿರಲಿಲ್ಲ. ನಾನು ಅದನ್ನು ಹಳೇ ಕಾಲದವರ ಹೆದರಿಕೆ ಎಂದುಕೊಂಡಿದ್ದೆ.

ಅವರದು ಇನ್ನೊಂದು ಶಿಸ್ತು. ಕಂಪ್ಯೂಟರಿನ ಪಕ್ಕ ನೂರು ಹಾಳೆಯ ಗೆರೆ ಪುಸ್ತಕವೊಂದು ಸದಾ ತೆರೆದಿರುತ್ತಿತ್ತು. ಅದರಲ್ಲಿ ಮೂರು ಕಲಂ: ತಾರೀಕು, ಏನು ಬದಲಾಯ್ತು, ಯಾರು ಮಾಡಿದ್ದು. ಮೌಸ್ ಬದಲಾದರೂ ಬರೆಯಬೇಕು. "ಕೀಬೋರ್ಡಿಗೆ ಟೀ ಚೆಲ್ಲಿದ್ದು" ಎಂಬಲ್ಲಿ ಯಾರು ಎಂದರೆ "ನಾನು". "ಹಿಂದಿನ ತಂತಿ ಕಡಿದದ್ದು" ಎಂಬಲ್ಲಿ ಯಾರು ಎಂದರೆ "ಇಲಿ". ನಾನು ಬಿದ್ದುಬಿದ್ದು ನಕ್ಕಾಗ ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ.

"ಯಾರು ಅಂತ ಬರಿಯೋದು ಬೈಯಾಕಲ್ಲ ಕಣವ್ವ. ನಾಳೆ ಕೆಟ್ಟು ಕುಂತ್ರೆ ಯಾರನ್ನ ಕೇಳ್ಬೇಕು ಅನ್ನೋದು ಗೊತ್ತಿರ್ಬೇಕಲ್ಲ. ಅದ್ರಾಗೆ ಸುಳ್ಳು ಬರ್ದ್ರೆ ಪುಸ್ತಕ ಯಾತಕ್ಕೆ?"

ಪತ್ರಿಕೆಗೆ ಕಾಯುತ್ತ ಕೂತ ಗಿರಾಕಿಗಳು ಹೊತ್ತು ಹೋಗದಿದ್ದರೆ ಆ ಪುಸ್ತಕವನ್ನೇ ಓದುತ್ತಿದ್ದರು. ಇಲಿಯ ಸಂಗತಿ ಹೊಸದುರ್ಗಕ್ಕೆಲ್ಲ ಗೊತ್ತಿತ್ತು.

ಆ ವರ್ಷ ನವರಾತ್ರಿಯ ಹೊತ್ತಿಗೆ ಅಣ್ಣತಮ್ಮಂದಿರಿಬ್ಬರು ಅಂಗಡಿಗೆ ಬಂದರು. ಅಣ್ಣ ಯಲ್ಲದಕೆರೆಯಲ್ಲಿ ಕುರಿ ಸಾಕುತ್ತಿದ್ದವನು, ತಮ್ಮ ಶ್ರೀರಾಂಪುರದ ಕಡೆ ಹೊಲ ಮಾಡಿಕೊಂಡು ಮನೆದೇವರ ಪೂಜಾರಿಯಾಗಿದ್ದವನು. ಅಣ್ಣನ ಮಗನ ಮದುವೆ ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬ ಪಟ್ಟಿಯಲ್ಲಿ ತಮ್ಮನ ಹೆಸರು ಆರನೆಯದಾಗಿ ಬಂದಿತ್ತಂತೆ. ಅದಕ್ಕೇ ತಮ್ಮ ಮದುವೆಗೆ ಹೋಗಿರಲಿಲ್ಲ, ಎರಡು ವರ್ಷ ಮಾತೂ ಇರಲಿಲ್ಲ. ಈಗ ತಮ್ಮನ ಮಗಳ ಮದುವೆ. ಅಕ್ಕ ಇಬ್ಬರನ್ನೂ ಎದುರುಬದುರು ಕೂರಿಸಿ, ಹೆಸರುಗಳನ್ನು ಎರಡು ಸಾಲು ಮಾಡಿ, ವಯಸ್ಸಿಗೆ ಎಡಸಾಲು, ಪೂಜಾರಿಕೆಗೆ ಬಲಸಾಲು ಎಂದು ಒಪ್ಪಿಸಿದರು. ಆಮೇಲೆ ಅಳಿಯಂದಿರು, ಸೋದರಮಾವಂದಿರು, ದಾಯಾದಿಗಳು. ಒಂದೊಂದು ಹೆಸರಿಗೂ ಒಂದೊಂದು ಜಗಳ. ಬೆಳಿಗ್ಗೆ ಕೂತವರು ಮಧ್ಯಾಹ್ನ ಎದ್ದರು. ಒಟ್ಟು ಹತ್ತೊಂಬತ್ತು ಹೆಸರು. ಪ್ರಿಂಟ್ ತೆಗೆಯೋಣವೆಂದರೆ ಟೋನರ್ ಮುಗಿದಿತ್ತು. "ಹಬ್ಬ ಕಳೀಲಿ, ದಶಮಿ ಮಾರನೆ ದಿನ ಬರ್ರಿ," ಎಂದು ಅಕ್ಕ ಕಳಿಸಿದರು.

ಆಯುಧಪೂಜೆಯ ದಿನ ಅಂಗಡಿಯನ್ನೆಲ್ಲ ತೊಳೆದೆವು. ಹಳೆಯ ಟ್ರೆಡಲ್‌ಗೆ ಎಣ್ಣೆ, ಕತ್ತರಿಸುವ ಯಂತ್ರಕ್ಕೆ ಸಾಣೆ, ಕಂಪ್ಯೂಟರಿನ ಪರದೆಯ ಚೌಕಟ್ಟಿಗೆ ಮೂರೆಳೆ ವಿಭೂತಿ. ಅಕ್ಕ ಬೂದುಗುಂಬಳ ತರಲು ಹೋದಾಗ ನನಗೆ ಭಕ್ತಿ ಉಕ್ಕಿತು. ಎಲ್ಲ ಆಯುಧವೂ ಸಾಣೆ ಹಿಡಿಸಿಕೊಂಡು ಹೊಸದಾಗಿದೆ, ಇದೊಂದು ಯಾಕೆ ಹಾಗೇ ಇರಬೇಕು ಎಂದು ಇಂಟರ್‌ನೆಟ್ ತಂತಿ ಸಿಕ್ಕಿಸಿ ಅಪ್‌ಡೇಟ್ ಕೊಟ್ಟೆ. ಹೊರಗಿನ ವ್ಯವಸ್ಥೆ ಹೊಸದಾಯಿತು. ವರ್ಚುವಲ್ ಮಷಿನ್ ಹೊಸದಾಯಿತು. ಒಳಗಿನದನ್ನೂ ಹೊಸ ಮಾಡಲೇ ಎಂದು ಅದು ಕೇಳಿತು, ಆಗಲಿ ಎಂದು ಒತ್ತಿದೆ. ಎಲ್ಲವನ್ನೂ ಆರಿಸಿ, ಕುಂಕುಮವಿಟ್ಟು, ಮಂಡಕ್ಕಿ ತಿಂದು ಊರಿಗೆ ಹೋದೆ.

ದಶಮಿ ಮಾರನೆಯ ದಿನ ಬೆಳಿಗ್ಗೆ ಅಕ್ಕ ಬಾಣಂತಿ ಕೋಣೆ ತೆರೆದರು. ಹಳೆಯ ಲಾಂಛನ ಬಂತು, ಪಟ್ಟನೆ ನೀಲಿ ಪರದೆ, ತುಂಬ ಬಿಳಿ ಅಕ್ಷರ. ಒಳಗಿನ ವ್ಯವಸ್ಥೆ ಕುಸಿದು ಬಿದ್ದಿತ್ತು. ಮತ್ತೆ ತೆರೆದರು, ಮತ್ತೆ ನೀಲಿ. ನಾನು ಮಾಡಿದ್ದನ್ನು ಹೇಳಿದೆ. ಅಕ್ಕ ಬೈಯಲಿಲ್ಲ.

"ಅವ್ರು ಮೂರು ಗಂಟೆಗೆ ಬರ್ತಾರೆ ಕಣವ್ವ. ಆ ಹೆಸ್ರೆಲ್ಲ ನನ್ ತಲೇಲಿಲ್ಲ, ಅದ್ರ ಹೊಟ್ಟೇಲಿ ಅವೆ. ಇನ್ನೊಂದ್ ಸಲ ಆ ಇಬ್ರನ್ನ ಕುಂಡ್ರಿಸಿದ್ರೆ ಪಟ್ಟಿ ಆಗಲ್ಲ, ಹೊಡೆದಾಟ ಆಗ್ತೈತೆ," ಎಂದಷ್ಟೇ ಹೇಳಿದರು.

ನಾನು ಹುಚ್ಚು ಹಿಡಿದವಳ ಹಾಗೆ ಕೈಗೆ ಸಿಕ್ಕ ಸೆಟ್ಟಿಂಗನ್ನೆಲ್ಲ ತಿರುಚತೊಡಗಿದೆ. ಮೆಮೊರಿ ಹೆಚ್ಚಿಸಿದೆ, ಡಿಸ್ಕಿನ ಬಗೆ ಬದಲಿಸಿದೆ, ಇನ್ನೇನೇನೋ. ಈಗ ಲಾಂಛನವೂ ಬರಲಿಲ್ಲ. ಅಕ್ಕ ಬಂದು ನನ್ನ ಕೈಮೇಲೆ ಕೈಯಿಟ್ಟರು.

"ಎಷ್ಟು ಬದಲಾಯಿಸ್ದೆ?"

"ಐದಾರು, ಅಕ್ಕ."

"ಯಾವ್ಯಾವು?"

ನನಗೆ ನೆನಪಿರಲಿಲ್ಲ.

"ಅಚ್ಚು ಸರಿ ಬೀಳ್ದಿದ್ರೆ ಎಲ್ಲಾ ಅಚ್ಚುಮೊಳೆ ಕಿತ್ತು ಸುರೀತಾರೇನು? ಒಂದೊಂದೇ ಮುಟ್ಟಿ ನೋಡ್ಬೇಕು. ಒಂದ್ ಸಲಕ್ಕೆ ಒಂದೇ. ಮೊದ್ಲು ಎಲ್ಲಾ ಇದ್ದಂಗೆ ಇಡು."

ಇದ್ದ ಹಾಗೆ ಎಂದರೆ ಹೇಗಿತ್ತು? ಅವರ ಪುಸ್ತಕದ ಮೊದಲ ಪುಟದಲ್ಲಿ, ಬಾಣಂತಿ ಕೋಣೆ ಕಟ್ಟಿದ ದಿನದ ಎಲ್ಲ ಸೆಟ್ಟಿಂಗೂ ದುಂಡಗಿನ ಅಕ್ಷರದಲ್ಲಿತ್ತು. ನೋಡಿಕೊಂಡು ಒಂದೊಂದೇ ಹಿಂದಿಟ್ಟೆ. ಲಾಂಛನ ಮರಳಿತು, ಮತ್ತೆ ನೀಲಿ. ಅಕ್ಕ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಇನ್ನೊಮ್ಮೆ ತೆರೆಸಿದರು, ಮತ್ತೊಮ್ಮೆ ತೆರೆಸಿದರು.

"ಚಿತ್ರ ಚಿಕ್ಕದಿದ್ದಾಗ ಆರಾಮಾಗೈತೆ. ಅಗ್ಲ ಆಗಾಕೆ ಹೋದಾಗ ಬೀಳ್ತೈತೆ ನೋಡು."

ನನ್ನ ಕೋರ್ಸಿನಲ್ಲಿ ಕಲಿಸಿದ್ದೆಲ್ಲ ಆಗ ತಲೆಗೆ ಬಂತು. ಪರದೆಯನ್ನು ನಡೆಸುವ ಡ್ರೈವರ್! ನಾನು ಆಗಲಿ ಎಂದು ಒತ್ತಿ ಒಳಗೆ ಬಿಟ್ಟ ಹೊಸದು ಅದೇ. ತೀರಾ ಬೇಕಾದದ್ದನ್ನಷ್ಟೇ ಎಬ್ಬಿಸುವ ಸೇಫ್ ಮೋಡ್‌ನಲ್ಲಿ ತೆರೆದರೆ ಅದು ಏಳುವುದಿಲ್ಲ. ಹಾಗೇ ತೆರೆದೆ. ದಪ್ಪ ದಪ್ಪ ಅಕ್ಷರಗಳ, ಬಣ್ಣಗೆಟ್ಟ ಪುಟ್ಟ ಪರದೆಯೊಂದು ಮೆಲ್ಲನೆ ಕಣ್ಣು ಬಿಟ್ಟಿತು.

"ಜೀವ ಐತೆ," ಎಂದು ಅಕ್ಕ ಕೈ ಮುಗಿದರು.

ಹೊಸ ಡ್ರೈವರನ್ನು ಕಿತ್ತೆ. ಹಳೆಯದು ಬೇಕಲ್ಲ? ಅಚ್ಚುಮೊಳೆ ಇಡುತ್ತಿದ್ದ ಮರದ ಖಾನೆಗಳಲ್ಲಿ ಅಕ್ಕ ಈಗ ಸಿ.ಡಿ.ಗಳನ್ನು ಇಡುತ್ತಿದ್ದರು. ಡ್ರೈವರಿನವು ಮೂರು ಸಿಕ್ಕವು. ಅವಸರಕ್ಕೆ ಮೊದಲು ಕೈಗೆ ಬಂದದ್ದನ್ನು ಹಾಕಿದೆ, ಮತ್ತೆ ನೀಲಿ. ಅಕ್ಕ ಪುಸ್ತಕ ತಿರುವಿ, ಉಗುರಿಲ್ಲದ ಬೆರಳನ್ನು ಒಂದು ಸಾಲಿನ ಮೇಲಿಟ್ಟರು. ಕೊನೆಯ ಸಲ ಸರಿಯಾಗಿ ಓಡಿದ ಸಿ.ಡಿ. ಯಾವುದು ಎಂದು ಅಲ್ಲಿತ್ತು. ಅದನ್ನು ಹಾಕಿ ತೆರೆದಾಗ ಪರದೆ ಅಗಲವಾಯಿತು, ನಿಂತಿತು. ಹತ್ತೊಂಬತ್ತು ಹೆಸರೂ ಎರಡು ಸಾಲಿನಲ್ಲಿ ಹಾಗೇ ಇದ್ದವು. ಅಕ್ಕ ಮೊದಲು ಪ್ರಿಂಟ್ ತೆಗೆದರು, ಆಮೇಲೆ ನೀರು ಕುಡಿದರು. ನಾನು ಅಳುತ್ತಿದ್ದೆ.

ಮೂರು ಗಂಟೆಗೆ ಅಣ್ಣತಮ್ಮಂದಿರು ಬಂದರು. ಅಣ್ಣ ಎಡಸಾಲಿನ ಮೇಲೆ ಬೆರಳಿಟ್ಟು ಎಣಿಸಿದ, ತಮ್ಮ ಬಲಸಾಲಿನ ಮೇಲೆ. ಅಣ್ಣನ ಬೆರಳು ಒಂದು ಹೆಸರಿನ ಹತ್ತಿರ ನಿಂತಿತು.

"ಸರಿ ಐತೆ ಅಕ್ಕಾರೆ," ಎಂದ ಅಣ್ಣ. ತಮ್ಮನ ಕಡೆ ತಿರುಗಿ, "ನಡಿಯಪ್ಪ, ಟೀ ಕುಡ್ಕಂಡು ಹೋಗಾಣ," ಎಂದ.

ಅವರು ಹೋದ ಮೇಲೆ ಅಕ್ಕ ಪೆನ್ನು ತೆಗೆದು ಪುಸ್ತಕಕ್ಕೆ ಬರೆಯಲು ಕೂತರು. ನನಗೆ ಅದನ್ನು ನೋಡುವ ಧೈರ್ಯವಾಗಲಿಲ್ಲ. ಮೂರನೆಯ ಕಲಮಿನಲ್ಲಿ ನನ್ನ ಹೆಸರು ಬರುತ್ತದೆ, ನಾಳೆ ಗಿರಾಕಿಗಳು ಓದುತ್ತಾರೆ, ಓದಿದವರು ಯಾರೂ ನನ್ನ ಮೇಜಿಗೆ ಕಂಪ್ಯೂಟರ್ ತರುವುದಿಲ್ಲ. ಕಣ್ಣಿಗೆ ನೀರು ಹಾಕಿಕೊಳ್ಳುವ ನೆಪದಲ್ಲಿ ಎದ್ದು ಹೋದೆ. ಆದರೆ ಹಾಗೇನೂ ಆಗಲಿಲ್ಲ. ಗಿರಾಕಿಗಳು ಬಂದರು, ಹೆಚ್ಚಾದರು. ಎರಡು ವರ್ಷಕ್ಕೆ ಎದುರಿನ ಮಳಿಗೆಯಲ್ಲಿ ನನ್ನದೇ ಅಂಗಡಿಯಾಯಿತು. ಜನ ಪುಸ್ತಕ ಓದುವುದು ಬಿಟ್ಟು ಮೊಬೈಲ್ ನೋಡತೊಡಗಿದ್ದಾರೆ, ನಾನು ಬಚಾವಾದೆ ಎಂದುಕೊಂಡೆ. ಅಕ್ಕನ ಪುಸ್ತಕದಲ್ಲಿ ಏನಾದರೂ ಹುಡುಕಬೇಕಾದಾಗಲೂ ಆ ಪುಟವನ್ನು ಮಾತ್ರ ದಾಟಿಸಿಬಿಡುತ್ತಿದ್ದೆ.

ಕೆಟ್ಟ ಕಂಪ್ಯೂಟರ್ ತಂದವರನ್ನು ನಾನು ಇವತ್ತಿಗೂ ಕೇಳುವ ಮೊದಲ ಮಾತು, "ಕೆಡೋಕೆ ಮುಂಚೆ ಏನು ಬದಲಾಯ್ತು?" ಒಂದು ಸಲಕ್ಕೆ ಒಂದೇ ಮುಟ್ಟುತ್ತೇನೆ. ನನ್ನ ಕೈಕೆಳಗಿನ ಇಬ್ಬರು ಹೆಣ್ಣುಮಕ್ಕಳೂ ಹಾಗೇ ಮಾಡುತ್ತಾರೆ, ಮಾಡದಿದ್ದರೆ ಬೈಸಿಕೊಳ್ಳುತ್ತಾರೆ. ಬೈಯುವುದರಲ್ಲಿ ಮಾತ್ರ ನಾನು ಅಕ್ಕನನ್ನು ಮೀರಿಸಿದ್ದೇನೆ.

ಕಳೆದ ಮಾಘದಲ್ಲಿ ಅಕ್ಕ ಹೋದರು. ಬೆಳಿಗ್ಗೆ ಅಂಗಡಿಯ ಕಸ ಗುಡಿಸಿ, ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೊಳಲ್ಕೆರೆಯಲ್ಲಿರುವ ಅವರ ಮಗಳು ಬಂದು ಅಂಗಡಿ ಖಾಲಿ ಮಾಡುವಾಗ, "ಅವ್ವ ಯಾವಾಗ್ಲೂ ಇದು ನಿಮಗೇ ಅಂತಿತ್ತು," ಎಂದು ಕಂಪ್ಯೂಟರನ್ನೂ ಇಷ್ಟು ವರ್ಷದಲ್ಲಿ ತುಂಬಿದ ನಾಲ್ಕು ಗೆರೆ ಪುಸ್ತಕಗಳನ್ನೂ ನನ್ನ ಅಂಗಡಿಗೆ ಹೊರಿಸಿದಳು. ಬಾಣಂತಿ ಕೋಣೆ ಈಗ ನನ್ನ ಹತ್ತಿರವೇ ಇದೆ, ಗಾಳಿ ಸೋಕದಂತೆ.

ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಆ ಪುಟ ತೆರೆದೆ. ಆಯುಧಪೂಜೆಯ ತಾರೀಕು. ಏನು ಬದಲಾಯ್ತು: ತಂತಿ ಸಿಕ್ಕಿಸಿದ್ದು, ಹೊಸ ಡ್ರೈವರ್ ಒಳಗೆ ಬಿಟ್ಟದ್ದು, ಹಳೇದು ನೀಲಿಯಾದದ್ದು. ಯಾರು ಮಾಡಿದ್ದು ಎಂಬಲ್ಲಿ ಅಕ್ಕ ತಮ್ಮ ದುಂಡಗಿನ ಅಕ್ಷರದಲ್ಲಿ "ನಾನು" ಎಂದು ಬರೆದಿದ್ದರು.

ಇಲಿ ಮಾಡಿದ್ದನ್ನೂ ಇಲಿಯ ಹೆಸರಿಗೇ ಬರೆದಿದ್ದ ಪುಸ್ತಕ ಅದು. ನಾಲ್ಕು ಪುಸ್ತಕಗಳನ್ನೂ ಮೊದಲಿಂದ ಕೊನೆಯವರೆಗೆ ಓದಿದ್ದೇನೆ. ಅವುಗಳಲ್ಲಿ ನನಗೆ ಸಿಕ್ಕ ಸುಳ್ಳು ಇದೊಂದೇ, ಇದನ್ನು ನಾನು ತಿದ್ದುವುದಿಲ್ಲ.