ಸ್ನಾನದ ತೊಟ್ಟಿಯಲ್ಲಿ ಅವರೆಕಾಳು ನೆನೆಹಾಕಿದ ಬಗ್ಗೆ

ಮಾನ್ಯ ಓದುಗರೇ,

ಮೊದಲನೆಯದಾಗಿ ನನ್ನ ಕಾಗುಣಿತದ ತಪ್ಪುಗಳಿಗೂ ಸೊಟ್ಟ ಅಕ್ಷರಗಳಿಗೂ ಕ್ಷಮೆ ಕೋರುತ್ತೇನೆ. ಪಾಂಡವಪುರದ ಸಮೀಪದ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿರುವ ನಾನು ಮೇಲಧಿಕಾರಿಗಳಿಗೆ ವರದಿ, ಮನವಿ, ಸಮಜಾಯಿಷಿಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಆದ್ದರಿಂದ ಈ ಬರಹವೂ ಅದೇ ಧಾಟಿಯಲ್ಲಿ ಬಂದಿದ್ದಲ್ಲಿ ಮನ್ನಿಸತಕ್ಕದ್ದು.

ವಿಷಯವೇನೆಂದರೆ, ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಆಗ ನಾಲ್ಕನೇ ತಿಂಗಳು. ತಿಂದದ್ದು ಯಾವುದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ತೂಕ ಇಳಿಯುತ್ತಿದೆ, ಹೀಗೆಯೇ ಮುಂದುವರಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಊರಿನ ಬಸುರಿಯರನ್ನೆಲ್ಲ ತಕ್ಕಡಿಯ ಮೇಲೆ ನಿಲ್ಲಿಸಿ ಬುದ್ಧಿ ಹೇಳುವ ನನ್ನ ಮಾತು ಸ್ವಂತ ಮಗಳ ವಿಷಯದಲ್ಲಿ ಉಪಯೋಗಕ್ಕೆ ಬರಲಿಲ್ಲ. ಹೀಗಿರುವಾಗ ಒಂದು ಬೆಳಿಗ್ಗೆ ಆಕೆಯೇ ಫೋನು ಮಾಡಿ, "ಅವ್ವಾ, ಇದುಕಿದ್ ಬ್ಯಾಳೆ ಸಾರು ತಿನ್ನಂಗಾಯ್ತದೆ ಕಣವ್ವ" ಎಂದಳು. ಅವರೆಕಾಳನ್ನು ನೆನೆಸಿ, ಒಂದೊಂದನ್ನೂ ಬೆರಳಿನಲ್ಲಿ ಹಿಸುಕಿ, ಸಿಪ್ಪೆ ಬಿಡಿಸಿ ಮಾಡುವ ಸಾರು ಅದು. ನಾನು ಫೋನು ಇಡುವಷ್ಟರಲ್ಲಿ ನನ್ನ ಅತ್ತೆಯವರು ಹೊಲದಲ್ಲಿದ್ದರು.

ದನಗಳ ಉಸ್ತುವಾರಿಯನ್ನು ನನ್ನ ಯಜಮಾನರಿಗೆ ವಹಿಸಿ, ಅತ್ತೆಯವರೂ ನಾನೂ ಬಿಡಿಸಿದ ಕಾಳಿನ ಚೀಲದೊಂದಿಗೆ ರೈಲು ಹತ್ತಿದೆವು. ಸ್ಟೇಷನ್ನಿಗೆ ಬಂದಿದ್ದ ಅಳಿಯಂದಿರ ಕಾರು ಮನೆಯ ಕಡೆ ಹೋಗದೆ ಅರಮನೆಯಂತಹ ಕಟ್ಟಡವೊಂದರ ಮುಂದೆ ನಿಂತಿತು. ಮನೆಗೆ ಬಣ್ಣ ಹೊಡೆಸುತ್ತಿದ್ದು, ಅದರ ವಾಸನೆ ಮಗಳಿಗೆ ಆಗದ ಕಾರಣ, ಅಳಿಯಂದಿರು ತಮ್ಮ ಕಂಪನಿಯವರ ಕಡೆಯಿಂದ ಆ ದೊಡ್ಡ ಹೋಟೆಲಿನಲ್ಲಿ ರೂಮು ಪಡೆದಿದ್ದರು. ಅತ್ತೆಯವರು ಗಾಜಿನ ಬಾಗಿಲ ಮುಂದೆಯೇ ತಡೆದು ನಿಂತರು.

"ಓಟ್ಲು ಅಂದ್ರೆ ತಿಂದು ಎದ್ದೋಗಾ ಜಾಗ. ಓಟ್ಲಲ್ಲಿ ಯಾರಾರ ಮನಿಕತಾರೇನಪ್ಪಾ?"

ಕೆ.ಆರ್. ಪೇಟೆ ಕಡೆಯವರಾದ ಅಳಿಯಂದಿರು ಶಾಂತವಾಗಿ, "ಇದು ಮನಿಕಳೋ ಓಟ್ಲು ಕಣಜ್ಜಿ" ಎಂದರು.

"ಅಂಗಾರೆ ಒಲೆ ಎಲ್ಲದೆ?"

ಅಳಿಯಂದಿರು ಚೀಲ ಎತ್ತಿಕೊಂಡು ಮುಂದೆ ನಡೆದರು. ಬಾಗಿಲಿನಲ್ಲಿ ಚೀಲವನ್ನು ಯಂತ್ರದೊಳಗೆ ತೂರಿಸಿದ ಕಾವಲುಗಾರ ಪರದೆ ನೋಡಿ ಹುಬ್ಬು ಗಂಟಿಕ್ಕಿದಾಗ ಅತ್ತೆಯವರು, "ಕಾಳು ಕಣಪ್ಪಾ, ಬಾಂಬಲ್ಲ" ಎಂದು ಒಂದು ಹಿಡಿ ತೆಗೆದು ಆತನ ಅಂಗೈಗೆ ಹಾಕಿದರು. ಆತ ಅದನ್ನು ಎಲ್ಲಿಡುವುದೆಂದು ತಿಳಿಯದೆ ಸಮವಸ್ತ್ರದ ಜೇಬಿಗೆ ಹಾಕಿಕೊಂಡ.

ರೂಮಿನಲ್ಲಿ ಮಗಳು ಮೂರು ದಿಂಬಿಗೆ ಒರಗಿಕೊಂಡಿದ್ದಳು. ಮುಖ ನೋಡಲಾಗಲಿಲ್ಲ. ಆ ರೂಮಿನಲ್ಲಿ ಹೂವಿತ್ತು, ಹಣ್ಣಿತ್ತು, ಪಾದ ಮುಳುಗುವಂತಹ ಜಮಖಾನವಿತ್ತು. ಕಾಳು ನೆನೆಹಾಕಲು ಒಂದು ಪಾತ್ರೆ ಇರಲಿಲ್ಲ. ಕಾಫಿಗೆ ನೀರು ಕಾಯಿಸುವ ಕರೆಂಟಿನ ಕೆಟಲು ಮಾತ್ರ ಇತ್ತು. "ಸಾರು ಇದ್ರಲ್ಲೇ ಆಗೋಯ್ತದೆ" ಎಂದು ಅದನ್ನು ಎತ್ತಿ ನೋಡಿದ ಅತ್ತೆಯವರು ಬಚ್ಚಲುಮನೆ ಹೊಕ್ಕರು. ಒಳಗಿನಿಂದ ಕೂಗು ಬಂತು.

"ಅಮ್ಮಿ, ಬಾಮ್ಮಿ ಇಲ್ಲಿ! ದನ ನೀರ್ ಕುಡಿಯೋ ತೊಟ್ಟಿ ಮಡಗವ್ರೆ!"

ಅದು ಮಲಗಿಕೊಂಡು ಸ್ನಾನ ಮಾಡುವ ಬಿಳಿಯ ತೊಟ್ಟಿ. ಅವರ ಉದ್ದೇಶ ತಿಳಿದ ಕೂಡಲೇ ನಾನು ಮೌಖಿಕವಾಗಿ ಆಕ್ಷೇಪಣೆ ಸಲ್ಲಿಸಿದೆ. ಸದರಿ ಆಕ್ಷೇಪಣೆಯನ್ನು ಅತ್ತೆಯವರು ಪರಿಶೀಲಿಸದೆಯೇ ತಿರಸ್ಕರಿಸಿದರು. ತೊಟ್ಟಿಯನ್ನು ಉಜ್ಜಿ, ಮತ್ತೆ ಮತ್ತೆ ತೊಳೆದು, ಬಿರಡೆ ಹಾಕಿ, ಚೀಲವನ್ನು ಬೋರಲು ಮಾಡಿದರು. ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದ ಮಗಳು ನಕ್ಕಳು. ಆಕೆ ನಕ್ಕಿದ್ದನ್ನು ಕೇಳಿ ಬಹಳ ದಿನವಾಗಿದ್ದರಿಂದ ನಾನು ಆಕ್ಷೇಪಣೆಯನ್ನು ಹಿಂಪಡೆದೆ.

ಮಧ್ಯಾಹ್ನ ಊಟಕ್ಕೆ ಕೆಳಗೆ ಹೊರಟಾಗ, ರೂಮಿನೊಳಗೆ ಯಾರೂ ಬರದಂತೆ ಬಾಗಿಲಿಗೆ ತೂಗುಹಾಕುವ ಚೀಟಿ ಇರುತ್ತದೆಂದು ಅಳಿಯಂದಿರು ತಿಳಿಸಿದರು. ಅದಕ್ಕೆ ಎರಡು ಮುಖ: ಒಂದರಲ್ಲಿ ಬರೀ ಇಂಗ್ಲಿಷು, ಇನ್ನೊಂದರಲ್ಲಿ ಪೊರಕೆಯ ಚಿತ್ರ. ಹಿಂದೆ ಉಳಿದಿದ್ದ ಅತ್ತೆಯವರು ಪೊರಕೆ ಕಾಣುವಂತೆ ತೂಗುಹಾಕಿ ಬಂದರು. "ಕಸ ಗುಡ್ಸಾಗದೆ, ಬರ್ಬೇಡಿ ಅಂತ ಅರ್ಥ" ಎಂಬುದು ನಂತರ ಅವರು ನೀಡಿದ ಸಮಜಾಯಿಷಿ.

ಊಟದ ಮನೆಯಲ್ಲಿ ಮಗಳು ಎರಡು ಚಮಚ ಮೊಸರನ್ನ ತಿಂದು, ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೋದಳು. ನಾವು ಮೂವರೂ ಅರ್ಧಕ್ಕೇ ಎದ್ದೆವು. ಮೇಲೆ ಬಂದು ನೋಡಿದರೆ ರೂಮಿನ ಬಾಗಿಲು ತೆರೆದಿತ್ತು. ಶುಚಿ ಮಾಡುವ ಹೆಂಗಸು ತೊಟ್ಟಿಯ ಪಕ್ಕ ಎದೆ ಹಿಡಿದುಕೊಂಡು ಕುಳಿತಿದ್ದಳು.

"ಯಾ ಅಲ್ಲಾ! ನಾನು ಹುಳ ಅಂದ್ಕೊಂಡ್ಬುಟ್ಟೆ ಅಮ್ಮಾ! ಬಿರ್ಡೆ ಕಿತ್ಬುಟ್ಟೆ. ಆಮೇಲೆ ನೋಡ್ತೀನಿ, ಅವರೆಕಾಳು!"

"ಕಾಳ್ಗೂ ಉಳಕ್ಕೂ ಯತ್ವಾಸ ಗೊತ್ತಾಗಲ್ವಾ? ಯಾವೂರಮ್ಮಿ ನಿಂದು?"

"ಬೆಳ್ಳೂರು."

"ಬೆಳ್ಳೂರಲ್ಲಿ ಉಟ್ಟಿ ಅವರೆಕಾಳ್ಗೆ ಎದ್ರಕತೀಯಾ? ಕೂತ್ಕೊ, ಇದುಕು!"

ಆಕೆ ನಿಜಕ್ಕೂ ಕುಳಿತಳು. ನೀರು ಹರಿದುಹೋಗಿದ್ದರೂ ಕಾಳು ಅಷ್ಟರಲ್ಲಿ ನೆನೆದಿತ್ತು. ಅತ್ತೆಯವರು, ನಾನು, ಆಕೆ ಮೂವರೂ ಹಿದುಕುತ್ತಿದ್ದಂತೆಯೇ ಆಕೆಯನ್ನು ಹುಡುಕಿಕೊಂಡು ಕಪ್ಪು ಕೋಟಿನ ಮೇಲ್ವಿಚಾರಕರು ಬಂದರು. ಆಕೆ ಥಟ್ಟನೆ ಎದ್ದು ನಿಂತಳು.

"ಮೇಡಂ, ಇದು ಬಾತ್‌ಟಬ್" ಎಂದರು ಅವರು.

"ಗೊತ್ತು ಕಣಪ್ಪಾ. ತೊಳ್ದೇ ಆಕಿವ್ನಿ" ಎಂದರು ಅತ್ತೆಯವರು.

ರೂಮಿನಲ್ಲಿ ಅಡುಗೆಗೆ ಅವಕಾಶವಿಲ್ಲ, ಇದನ್ನೆಲ್ಲ ತೆಗೆಸಬೇಕಾಗುತ್ತದೆ ಎಂದು ಅವರು ತಿಳಿಸಿದರು. ತೆಗೆಸುವುದೆಂದರೆ ಕಸಕ್ಕೆ. ಮೇಲಧಿಕಾರಿಗಳ ಮುಂದೆ ಹೇಗೆ ಮಾತನಾಡಬೇಕೆಂದು ಇಷ್ಟು ವರ್ಷ ಕಲಿತದ್ದು ಒಂದೂ ನೆನಪಾಗಲಿಲ್ಲ. ಆಗ ಮಂಚದ ಮೇಲಿನಿಂದ ಮಗಳು ಹೇಳಿದಳು:

"ಸಾರ್, ಬಸುರಿ ಆದಾಗ್ಲಿಂದ ನಂಗೆ ತಿನ್ಬೇಕು ಅನ್ಸಿರೋದು ಇದೊಂದೇ."

ಅವರು ಆಕೆಯನ್ನು ನೋಡಿದರು, ತೊಟ್ಟಿಯನ್ನು ನೋಡಿದರು. "ಅಂಗೆ ನಿಂತ್ಕಂಡು ನೋಡಬಾರ್ದು ಕಣಪ್ಪಾ. ಇದುಕೋ ತಾವುಕ್ಕೆ ಬಂದೋರು ನಾಕ್ ಕಾಳಾರ ಇದುಕ್ಬೇಕು" ಎಂದರು ಅತ್ತೆಯವರು. ನಮ್ಮ ಕಡೆ ಅದು ವಾಡಿಕೆ. ಪೋಸ್ಟ್‌ಮ್ಯಾನ್ ಬಂದರೂ ಬಿಡುವುದಿಲ್ಲ. ಮೇಲ್ವಿಚಾರಕರು ಕೋಟಿನ ತೋಳು ಮಡಚಿ ತೊಟ್ಟಿಯ ಅಂಚಿನಲ್ಲಿ ಕುಳಿತರು. ಅವರು ಹಿಸುಕಿದ ಮೊದಲ ಬೇಳೆ ಹಾರಿ ಕನ್ನಡಿಗೆ ಬಡಿಯಿತು. ಎರಡನೆಯದು ಅಳಿಯಂದಿರ ಹಣೆಗೆ. ಬೆಳ್ಳೂರಿನ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಮೇಲ್ವಿಚಾರಕರೇ, "ಕೆಟಲ್ ಮಾತ್ರ ಮುಟ್ಟಬೇಡಿ, ನಮ್ಮ ಅಡುಗೆಮನೆಯಲ್ಲೇ ಮಾಡಿಸಿಕೊಡ್ತೀನಿ" ಎಂದರು. ಕಾಯಿ, ಕೊತ್ತಂಬರಿ, ಚಕ್ಕೆ, ಲವಂಗ ಎಂದು ಅತ್ತೆಯವರು ಒಪ್ಪಿಸಿದ್ದಕ್ಕೆಲ್ಲ ತಲೆಯಾಡಿಸಿ, ಬೇಳೆಯನ್ನು ತೆಗೆದುಕೊಂಡು ಹೋದರು.

ಸಂಜೆ ತಳ್ಳುಗಾಡಿಯಲ್ಲಿ ಸಾರು ಬಂತು. ಬೆಳ್ಳಿಯಂತಹ ಮುಚ್ಚಳ ತೆಗೆದರೆ, ಸಾರಿನ ಮೇಲೆ ಸುರುಳಿ ಸುರುಳಿಯಾಗಿ ಬಿಳಿಯ ಕೆನೆ, ಅದರ ಮೇಲೊಂದು ಪುದೀನ ಎಲೆ.

"ಅಯ್ಯೋ ಅಮ್ಮಿ! ಸಾರ್ಗೆ ಕೆನೆ ಬುಟ್ಟವ್ರೆ! ಇದ್ನ ಯಾರ್ ತಿಂದಾರು?"

ಅವರು ಹೀಗೆ ಹೇಳುವಷ್ಟರಲ್ಲಿ ಮಗಳು ಅರ್ಧ ಬಟ್ಟಲು ಮುಗಿಸಿದ್ದಳು. ನಾನು ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತೆ. ಬಟ್ಟಲು ಖಾಲಿಯಾಯಿತು. ಕಾದೆವು. ಆಕೆ ತೇಗಿದಳು, ಅಷ್ಟೇ. ನನ್ನ ಕೈಯ ಬಕೆಟ್ಟು ಖಾಲಿಯಾಗಿಯೇ ಉಳಿಯಿತು.

"ಅಜ್ಜಿ, ನಿನ್ ಸಾರ್ಗಿಂತ ಚೆಂದಾಗದೆ" ಎಂದಳು ಮಗಳು.

ಅತ್ತೆಯವರು ಬಟ್ಟಲಿನ ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿ, ಮುಖ ಕಿವುಚಿ, ಬೀಗುತ್ತಿದ್ದ ಅಳಿಯಂದಿರ ಕಡೆ ತಿರುಗಿದರು.

"ನಾಳೀಕೂ ಇದ್ನೇ ಮಾಡಾಕ್ ಯೋಳಪ್ಪಾ. ಕೆನೇಯ ಒಸಿ ಜಾಸ್ತೀನೇ ಬುಡ್ಲಿ."

ಈ ಬರಹದಲ್ಲಿ ಒತ್ತಕ್ಷರ, ದೀರ್ಘ, ಮಹಾಪ್ರಾಣಗಳಿಗೆ ಸಂಬಂಧಿಸಿದಂತೆ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ಕೆಂಪು ಶಾಯಿಯಲ್ಲಿ ತಿದ್ದಿಕೊಡಬೇಕಾಗಿ ವಿನಂತಿ. ಅತ್ತೆಯವರ ಮಾತುಗಳನ್ನು ಮಾತ್ರ ತಿದ್ದಲು ಹೋಗಬಾರದು, ಅವರು ಒಪ್ಪುವುದಿಲ್ಲ.